ವೃದ್ಧರ ಮನೆಗೆ ಕ್ಯಾಮೆರಾ ಬೇಡ, ಇರುವಿಕೆಯ ಸುಳಿವು ಸಾಕು

ಮಾನ್ಯ ಸಂಪಾದಕರೇ,

ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿ, ಊರಿನ ಮನೆಯಲ್ಲಿ ತಂದೆ ತಾಯಿ ಇಬ್ಬರೇ ಉಳಿದಿರುವ ಸಂಸಾರಗಳು ಶಿವಮೊಗ್ಗ, ಸಾಗರ, ಧಾರವಾಡದಂಥ ಊರುಗಳಲ್ಲಿ ಬೀದಿಗೆ ನಾಲ್ಕಾರು ಸಿಗುತ್ತವೆ. ಇಂಥ ಮನೆಗಳಿಗೆ ಈಚಿನ ವರ್ಷಗಳಲ್ಲಿ ತಪ್ಪದೆ ಬಂದು ಸೇರುತ್ತಿರುವ ವಸ್ತುವೆಂದರೆ ಕ್ಯಾಮೆರಾ. ಹಜಾರದ ಮೂಲೆಯಲ್ಲೊಂದು, ಅಡುಗೆಮನೆಯ ಬಾಗಿಲ ಮೇಲೊಂದು, ಕೆಲವು ಕಡೆ ಮಲಗುವ ಕೋಣೆಯಲ್ಲೂ ಒಂದು. ದೂರದಲ್ಲಿರುವ ಮಕ್ಕಳ ಆತಂಕವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಅವರು ತಿಳಿಯಬಯಸುವುದು ಬಹಳ ಸಣ್ಣ ಸಂಗತಿ: ಅಮ್ಮ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೇ, ಬಚ್ಚಲಿಗೆ ಹೋದ ಅಪ್ಪ ಹೊರಗೆ ಬಂದರೇ. ಇಷ್ಟನ್ನು ತಿಳಿಯುವುದಕ್ಕೆ ಹೆತ್ತವರ ಮುಖ, ಉಡುಪು, ಮಾತುಕತೆಗಳೆಲ್ಲ ಯಾವುದೋ ಕಂಪನಿಯ ಸರ್ವರಿಗೆ ಹೋಗಿ ಕೂರಬೇಕಾಗಿಲ್ಲ. ಕೋಣೆಯಲ್ಲಿ ಮನುಷ್ಯರು ಇದ್ದಾರೆಯೇ ಇಲ್ಲವೇ ಎಂಬುದಷ್ಟನ್ನೇ ಹೇಳುವ ಪ್ರೆಸೆನ್ಸ್ ಸೆನ್ಸರ್ ಎಂಬ ಸಾಧನ ಈ ಕೆಲಸಕ್ಕೆ ಸಾಕು. ಅದನ್ನು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಲೂ ಬರುತ್ತದೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನಾನು ನಮ್ಮ ಮನೆಗೂ ಕೆಲವು ಬಂಧುಗಳ ಮನೆಗೂ ಇಂಥವನ್ನು ಮಾಡಿ ಕೂರಿಸಿದ್ದೇನೆ. ಸ್ಮಾರ್ಟ್ ಹೋಮ್ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಕೊಳ್ಳುವ ವಸ್ತುಗಳ ಪರಿಚಯವಾಗಿಯೇ ನಿಲ್ಲುವುದರಿಂದ, ಕಟ್ಟುವವರ ಕಡೆಯಿಂದ ಒಂದಿಷ್ಟು ವಿವರಗಳನ್ನು ತಮ್ಮ ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಕೊಂಚ ದೀರ್ಘವಾಗಿದ್ದರೆ ಕ್ಷಮಿಸಬೇಕು.

ಅಂಗಡಿಗಳಲ್ಲಿ 'ಮನುಷ್ಯರನ್ನು ಗುರುತಿಸುವ ಸೆನ್ಸರ್' ಎಂದು ಮಾರಾಟವಾಗುವ ಅಗ್ಗದ ಸಾಧನಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಚಲನೆಯನ್ನಷ್ಟೇ ಗುರುತಿಸುತ್ತವೆ. ಬಿಳಿ ಪ್ಲಾಸ್ಟಿಕ್ ಗುಮ್ಮಟವಿರುವ ಪಿಐಆರ್ ಸೆನ್ಸರ್ ಅನ್ನು ಹೋಟೆಲುಗಳ ಕಾರಿಡಾರಿನಲ್ಲಿ, ಎಟಿಎಂಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ಗುಮ್ಮಟದ ಒಳಗೆ ಎರಡು ಪುಟ್ಟ ಸಂವೇದಿ ತುಣುಕುಗಳಿದ್ದು, ನಮ್ಮ ಮೈಯಿಂದ ಸದಾ ಹೊಮ್ಮುವ ಅವಕೆಂಪು ಕಿರಣ ಒಂದರ ಮೇಲಿಂದ ಇನ್ನೊಂದರ ಮೇಲೆ ಸರಿದಾಗ ಉಂಟಾಗುವ ವ್ಯತ್ಯಾಸವನ್ನು ಅವು ವಿದ್ಯುತ್ ಸಂಕೇತವಾಗಿ ಕೊಡುತ್ತವೆ. ವ್ಯತ್ಯಾಸವಿಲ್ಲದಿದ್ದರೆ ಸಂಕೇತವೂ ಇಲ್ಲ. ಹಾಗಾಗಿ ಆರಾಮಕುರ್ಚಿಯಲ್ಲಿ ಕೂತು ಪತ್ರಿಕೆ ಓದುವ ಹಿರಿಯರು ಈ ಸೆನ್ಸರಿನ ಲೆಕ್ಕದಲ್ಲಿ ಸ್ವಲ್ಪ ಹೊತ್ತಿನಲ್ಲೇ ಇಲ್ಲವಾಗುತ್ತಾರೆ, ದೀಪ ಆರುತ್ತದೆ, ಅವರು ಕೈ ಬೀಸಬೇಕಾಗುತ್ತದೆ. ಸಾಧನದ ಹಿಂಬದಿಯಲ್ಲಿರುವ ಕಿತ್ತಳೆ ಬಣ್ಣದ ತಿರುಪನ್ನು ತಿರುಗಿಸಿ ದೀಪ ಉರಿಯುವ ಅವಧಿಯನ್ನು ಕೆಲವು ಸೆಕೆಂಡಿನಿಂದ ಐದು ನಿಮಿಷದವರೆಗೆ ಏರಿಸಬಹುದಾದರೂ ಅದು ರೋಗಕ್ಕೆ ಮದ್ದಲ್ಲ. ಎಚ್‌ಸಿ-ಎಸ್‌ಆರ್‌501 ಎಂಬ, ಎಲ್ಲ ಕಾಲೇಜು ಪ್ರಾಜೆಕ್ಟುಗಳಲ್ಲೂ ಕಾಣುವ ಮಾಡ್ಯೂಲಿನ ಕಥೆ ಇದೇ. ಕರೆಂಟು ಹೋಗಿ ಬಂದ ಮೇಲೆ ಮೊದಲ ಒಂದು ನಿಮಿಷ ಅದು ತನ್ನಷ್ಟಕ್ಕೆ ತಾನೇ ಸುಳ್ಳು ಸುಳಿವು ಕೊಡುತ್ತದೆಂಬುದನ್ನೂ, ಗುಮ್ಮಟದ ಮೇಲೆ ಹಲ್ಲಿ ಹರಿದರೆ ಮನೆಗೆ ಮನುಷ್ಯರೇ ಬಂದರೆಂದು ತಿಳಿಯುತ್ತದೆಂಬುದನ್ನೂ ಬಳಸಿದವರೆಲ್ಲ ಬಲ್ಲರು.

ಉತ್ತರ ಕರ್ನಾಟಕದ ಓದುಗರು ಗಮನಿಸಬೇಕಾದ ಇನ್ನೊಂದು ದೌರ್ಬಲ್ಯ ಇದಕ್ಕಿದೆ. ಪಿಐಆರ್ ಕಾಣುವುದು ಮೈಯ ಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ಅಂತರವನ್ನು. ಚರ್ಮದ ಮೇಲ್ಮೈಯ ಉಷ್ಣತೆ ಸುಮಾರು 33-34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮಲೆನಾಡಿನ ತಣ್ಣನೆಯ ಗೋಡೆಯ ಮುಂದೆ ಆ ಅಂತರ ಎದ್ದು ಕಾಣುತ್ತದೆ. ಆದರೆ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ತಾರಸಿ ಮನೆಯ ಗೋಡೆಯೂ ಮನುಷ್ಯನ ಮೈಯೂ ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಬಿಸಿಗೆ ಬಂದುಬಿಡುತ್ತವೆ. ಆಗ ಎದುರಿಗೇ ನಡೆದು ಹೋದವರನ್ನೂ ಸೆನ್ಸರ್ ಕಾಣದೆ ಇರಬಹುದು. ಚಳಿದೇಶದಲ್ಲಿ ಬರೆದ ಬಳಕೆಯ ಕೈಪಿಡಿಗಳಲ್ಲಿ ಇದಕ್ಕೆ ಒಂದು ಸಾಲಿನ ಎಚ್ಚರಿಕೆಯಷ್ಟೇ ಇರುತ್ತದೆ.

ಕದಲದೆ ಕೂತವರನ್ನೂ ಮಲಗಿದವರನ್ನೂ ಗುರುತಿಸಬೇಕಾದರೆ ರೇಡಾರ್ ಬೇಕು. ರೇಡಾರ್ ಎಂದೊಡನೆ ವಿಮಾನ ನಿಲ್ದಾಣ ನೆನಪಾಗುವ ಕಾಲ ಹೋಗಿದೆ. ಹೆಬ್ಬೆರಳಿನಷ್ಟು ಅಗಲದ ಹಲಗೆಯ ಮೇಲೆ 24 ಗಿಗಾಹರ್ಟ್ಸ್ ರೇಡಾರನ್ನು ಪೂರ್ತಿಯಾಗಿ ಕೂರಿಸಿದ ಮಾಡ್ಯೂಲುಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೈ-ಲಿಂಕ್ ಕಂಪನಿಯ ಎಲ್‌ಡಿ2410. ಬಾವಿಯೊಳಕ್ಕೆ ಕೂಗಿ ಮಾರ್ದನಿ ಎಷ್ಟು ಹೊತ್ತಿಗೆ ಬಂತೆಂಬುದರಿಂದ ಆಳವನ್ನು ಅಂದಾಜಿಸುವ ರೀತಿಯಲ್ಲೇ ಇದೂ ತಾನು ಕಳುಹಿಸಿದ ತರಂಗ ತಿರುಗಿ ಬರುವುದನ್ನು ನೋಡಿ ದೂರವನ್ನು ತಿಳಿಯುತ್ತದೆ. ತರಂಗದ ಆವರ್ತನವನ್ನು ಸತತವಾಗಿ ಏರಿಳಿಸುತ್ತಾ, ಹೋದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಅಳೆಯುವುದು ಇಲ್ಲಿನ ಉಪಾಯ. 24 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಮಿಲಿಮೀಟರ್. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರ್‌ನಷ್ಟು ಏರಿ ಇಳಿಯುತ್ತದೆ. ತರಂಗದ ಉದ್ದಕ್ಕೆ ಹೋಲಿಸಿದರೆ ಇದು ದೊಡ್ಡ ಚಲನೆಯೇ ಆದ್ದರಿಂದ ಮಾರ್ದನಿಯಲ್ಲಿ ಅದು ಸ್ಪಷ್ಟವಾಗಿ ಮೂಡುತ್ತದೆ. ಕುರ್ಚಿಯಲ್ಲಿ ತೂಕಡಿಸುವ ತಾತನನ್ನು ಈ ಸಾಧನ ಗುರುತಿಸುವುದು ಅವರ ಉಸಿರಿನಿಂದ.

ಕಟ್ಟುವ ಕೆಲಸ ಸುಲಭದ್ದು. ರೇಡಾರ್ ಮಾಡ್ಯೂಲಿಗೆ ಐದು ವೋಲ್ಟ್, ಗ್ರೌಂಡ್, ಮಾಹಿತಿ ಕಳುಹಿಸುವ ಮತ್ತು ಪಡೆಯುವ ಎರಡು ತಂತಿ. ಅವನ್ನು ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಬೋರ್ಡಿಗೆ ಅಡ್ಡಲಾಗಿ, ಅಂದರೆ ಒಂದರ ಕಳುಹಿಸುವ ಪಿನ್ನನ್ನು ಇನ್ನೊಂದರ ಪಡೆಯುವ ಪಿನ್ನಿಗೆ, ಜೋಡಿಸಬೇಕು. ಹೊಸಬರು ಎಲ್‌ಡಿ2410ರ 'ಸಿ' ಮಾದರಿಯನ್ನೇ ಕೊಳ್ಳುವುದು ಒಳ್ಳೆಯದು. ಅದರ ಪಿನ್ನುಗಳ ನಡುವೆ, ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿಗೆ ಒಗ್ಗುವ 2.54 ಮಿಲಿಮೀಟರ್ ಅಂತರವಿದೆ. ಮೂಲ ಮಾದರಿಯ ಪಿನ್ನುಗಳು ಅದರ ಅರ್ಧದಷ್ಟು ಹತ್ತಿರದಲ್ಲಿದ್ದು, ಕೈನಡುಗುವ ವಯಸ್ಸಿನಲ್ಲಿ ಅವಕ್ಕೆ ಬೆಸುಗೆ ಹಾಕುವುದು ತ್ರಾಸದ ಕೆಲಸ. ಇಎಸ್‌ಪಿಹೋಮ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ರೇಡಾರಿಗೆ ಬೇಕಾದ ಭಾಗ ಮೊದಲೇ ಸಿದ್ಧವಿರುವುದರಿಂದ ಪ್ರೋಗ್ರಾಂ ಬರೆಯುವ ಬದಲು ಒಂದು ಪುಟದಷ್ಟು ಸಂರಚನೆಯನ್ನು ಟೈಪು ಮಾಡಿದರೆ ಕೆಲಸ ನಡೆಯುತ್ತದೆ. ಸಾಲಿನ ಆರಂಭದ ಖಾಲಿ ಜಾಗ ಒಂದು ಹೆಚ್ಚುಕಡಿಮೆಯಾದರೂ ಅದು ಒಪ್ಪುವುದಿಲ್ಲ ಎಂಬುದೊಂದು ಕಿರಿಕಿರಿ. ಕೊನೆಗೆ ಇದೆಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಬಹುದು. ತರಂಗ ಪ್ಲಾಸ್ಟಿಕ್ಕನ್ನು ದಾಟಿ ಹೋಗುತ್ತದೆ.

ನಿಜವಾದ ಶ್ರಮವಿರುವುದು ಹೊಂದಿಸುವುದರಲ್ಲಿ, ಅದರಲ್ಲೂ ನಮ್ಮ ದೇಶದ ಮನೆಗಳಲ್ಲಿ. ಕಾರಣ, ಸೀಲಿಂಗ್ ಫ್ಯಾನು. ಉಸಿರಿನ ಏರಿಳಿತವನ್ನೇ ಹಿಡಿಯುವ ಸಾಧನಕ್ಕೆ ತಿರುಗುವ ಮೂರು ಲೋಹದ ರೆಕ್ಕೆಗಳು ಕಾಣದೆ ಇರುತ್ತವೆಯೇ? ಗೋಡೆಯ ಮೇಲೆ ಎದೆಮಟ್ಟದಲ್ಲಿ ಕೂರಿಸಬೇಕೆಂದು ಹೇಳುವ ಸೂಚನೆಗಳನ್ನು ನಂಬಿ ನಮ್ಮ ಹಜಾರದಲ್ಲಿ ಕೂರಿಸಿದರೆ, ಎಲ್ಲರೂ ಎದ್ದುಹೋದ ಮೇಲೂ ಫ್ಯಾನು ನಿಲ್ಲುವವರೆಗೆ ಅದು 'ಯಾರೋ ಇದ್ದಾರೆ' ಎಂದೇ ಹೇಳುತ್ತಿರುತ್ತದೆ. ಫ್ಯಾನನ್ನು ಆರಿಸುವ ಹೊಣೆಯನ್ನೂ ಆ ಸೆನ್ಸರಿಗೇ ವಹಿಸಿದ್ದರಂತೂ ಮುಗಿಯಿತು, ಅದು ಎಂದೂ ಆರುವುದಿಲ್ಲ. ಈ ಮಾಡ್ಯೂಲು ತನ್ನ ಎದುರಿನ ಜಾಗವನ್ನು ಮುಕ್ಕಾಲು ಮೀಟರಿಗೊಂದರಂತೆ ಪಟ್ಟಿಗಳಾಗಿ ವಿಂಗಡಿಸಿಕೊಂಡು, ಪ್ರತಿ ಪಟ್ಟಿಯಲ್ಲೂ ಚಲಿಸುವ ವಸ್ತುವಿನ ಮತ್ತು ನಿಶ್ಚಲ ವಸ್ತುವಿನ ಮಾರ್ದನಿಯ ಬಲವನ್ನು ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ. ಎಷ್ಟನ್ನು ಮೀರಿದರೆ ಮನುಷ್ಯರೆಂದು ಪರಿಗಣಿಸಬೇಕೆಂಬ ಮಿತಿಯನ್ನು ಪಟ್ಟಿ ಪಟ್ಟಿಗೂ ಬೇರೆಬೇರೆಯಾಗಿ ನಾವು ಇಡಬಹುದು. ಖಾಲಿ ಕೋಣೆಯಲ್ಲಿ ಫ್ಯಾನನ್ನು ಐದನೆಯ ವೇಗದಲ್ಲಿ ಬಿಟ್ಟು, ಕಿಟಕಿ ತೆರೆದು ಪರದೆಯನ್ನು ಗಾಳಿಗೆ ಬಿಟ್ಟು, ಹೊರಗೆ ಕೂತು ಫೋನಿನಲ್ಲಿ ಆ ಅಂಕಿಗಳನ್ನು ನೋಡಬೇಕು. ಫ್ಯಾನು ಇರುವ ಮೂರನೆಯ ನಾಲ್ಕನೆಯ ಪಟ್ಟಿಯ ಅಂಕಿ ಮೇಲೆದ್ದು ನಿಂತಿರುತ್ತದೆ. ರೆಗ್ಯುಲೇಟರನ್ನು ಎರಡಕ್ಕೆ ಇಳಿಸಿದರೆ ಅದೇ ಅಂಕಿ ಬೇರೊಂದು ಬಗೆಯಲ್ಲಿ ಹೊಯ್ದಾಡುತ್ತದೆ. ಆ ಪಟ್ಟಿಯ ಮಿತಿಯನ್ನು ಫ್ಯಾನಿಗಿಂತ ಮೇಲಕ್ಕೇರಿಸಿದರೆ ಸುಳ್ಳು ಸುಳಿವು ನಿಲ್ಲುತ್ತದೆ. ಆದರೆ ಅಷ್ಟೇ ದೂರದಲ್ಲಿ ಸೋಫಾದ ಮೇಲೆ ಕೂತವರೂ ಅದರೊಡನೆ ಮರೆಯಾಗುತ್ತಾರೆ.

ನನ್ನ ಅನುಭವದಲ್ಲಿ ಇದಕ್ಕೆ ಅಂಕಿಗಳಲ್ಲಿ ಪರಿಹಾರ ಹುಡುಕುವುದಕ್ಕಿಂತ ಜಾಗ ಬದಲಾಯಿಸುವುದೇ ಲೇಸು. ಸೆನ್ಸರನ್ನು ಸೂರಿಗೇ ಅಂಟಿಸಿ, ಮುಖವನ್ನು ನೆಲದ ಕಡೆ ತಿರುಗಿಸಿ, ಫ್ಯಾನಿನ ನಡುಭಾಗದಿಂದ ಒಂದೂವರೆ ಮೀಟರಿನಷ್ಟು ಆಚೆ ಇಡಬೇಕು. ರೇಡಾರಿನ ನೋಟ ನಡುಗೆರೆಯಿಂದ ಎರಡೂ ಬದಿಗೆ ಸುಮಾರು 60 ಡಿಗ್ರಿಯವರೆಗೆ ಹರಡುತ್ತದೆ. ಸೂರಿನಿಂದ ಒಂದಡಿ ಕೆಳಗೆ ತಿರುಗುವ ರೆಕ್ಕೆಯ ತುದಿ, ಅಷ್ಟು ದೂರದಿಂದ ನೋಡಿದರೆ, 70 ಡಿಗ್ರಿಗೂ ಆಚೆ ಬೀಳುವುದರಿಂದ ಅದರ ಕಾಟ ಬಹುಪಾಲು ತಪ್ಪುತ್ತದೆ. ಕೆಳಗೆ ಕೂತವರು, ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನೇರವಾಗಿ ನೋಟಕ್ಕೆ ಸಿಗುತ್ತಾರೆ. ಕಬ್ಬಿಣದ ಬೀರು ತರಂಗವನ್ನು ಕನ್ನಡಿಯಂತೆ ತಿರುಗಿಸಿ ಕಳುಹಿಸುವುದರಿಂದ ಅದರ ಎದುರಿಗೆ ಸೆನ್ಸರನ್ನು ಇಡಬಾರದು. ನೂಲಿನ ಸೊಳ್ಳೆಪರದೆ ಅಡ್ಡಿಯಾಗುವುದಿಲ್ಲ. ಕಳಪೆ ಚಾರ್ಜರಿನಿಂದ ಕೊಟ್ಟ ಐದು ವೋಲ್ಟಿನಲ್ಲಿ ಸಣ್ಣ ಏರಿಳಿತಗಳಿದ್ದರೆ ಖಾಲಿ ಕೋಣೆಯಲ್ಲೂ ಭೂತ ಕಾಣಿಸುತ್ತದೆ; ಕಾರಣ ಹುಡುಕುತ್ತಾ ಪ್ರೋಗ್ರಾಮನ್ನು ತಡಕಾಡುವ ಬದಲು ಮೊದಲು ಚಾರ್ಜರನ್ನು ಬದಲಿಸಿ ನೋಡುವುದು ಮೇಲು.

ಗೋಡೆಯ ವಿಷಯವನ್ನೂ ಹೇಳಬೇಕು. ಇಟ್ಟಿಗೆ ಗೋಡೆ, ಕರಾವಳಿಯ ಜಂಬಿಟ್ಟಿಗೆ ಗೋಡೆ ಈ ತರಂಗವನ್ನು ಬಹಳಷ್ಟು ಕುಗ್ಗಿಸುತ್ತವೆ. ಪ್ಲೈವುಡ್, ಜಿಪ್ಸಂ ಹಲಗೆ, ತೆಳು ಬಾಗಿಲು, ಗಾಜುಗಳನ್ನು ಅದು ದಾಟುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ಅಗೋಚರ ತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದರಲ್ಲವೇ. ಅಂದು ಸಭಿಕರನ್ನು ಬೆರಗುಗೊಳಿಸಿದ ಗುಣವೇ ಇಂದು ಪಕ್ಕದ ಕೋಣೆಯವರ ಓಡಾಟಕ್ಕೆ ನಮ್ಮ ಕೋಣೆಯ ದೀಪ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಎಷ್ಟನೆಯ ಪಟ್ಟಿಯವರೆಗೆ ನೋಡಬೇಕೆಂದು ಮಿತಿ ಹಾಕಿದರೆ ಈ ತೊಂದರೆ ನಿವಾರಣೆಯಾಗುತ್ತದೆ. ತರಂಗದಿಂದ ಆರೋಗ್ಯಕ್ಕೆ ಹಾನಿಯೇ ಎಂದು ಕೇಳುವವರಿದ್ದಾರೆ. ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಫೋನು ಹೊರಸೂಸುವುದಕ್ಕಿಂತ ಇದರ ಶಕ್ತಿ ಬಹಳ ಕಡಿಮೆ.

ಪಿಐಆರ್ ಮತ್ತು ರೇಡಾರ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂರಿಸುವುದು ನಾನು ಕಂಡುಕೊಂಡ ಉತ್ತಮ ವ್ಯವಸ್ಥೆ. ಬಾಗಿಲು ದಾಟಿ ಒಳಬಂದವರನ್ನು ಪಿಐಆರ್ ಥಟ್ಟನೆ ಹಿಡಿಯುತ್ತದೆ, ಪರದೆಯ ಅಲುಗಾಟಕ್ಕೆ ಅದು ಸುಲಭವಾಗಿ ಮೋಸಹೋಗುವುದಿಲ್ಲ. ಆದ್ದರಿಂದ ಆರಂಭಿಸುವ ಅಧಿಕಾರ ಅದಕ್ಕೆ. ಒಮ್ಮೆ ಆರಂಭವಾದ ಮೇಲೆ ಮನುಷ್ಯರು ಇನ್ನೂ ಇದ್ದಾರೆಂದು ಹೇಳುತ್ತಾ ಹೋಗುವುದು ರೇಡಾರಿನ ಕೆಲಸ. ಎರಡೂ ಸುಮ್ಮನಾಗಿ ಒಂದೆರಡು ನಿಮಿಷ ಕಳೆದರೆ ಮಾತ್ರ ಕೋಣೆ ಖಾಲಿಯೆಂದು ಪರಿಗಣಿಸಬೇಕು. ಖಾಲಿಯೆಂದು ಹೇಳುವ ಮುನ್ನ ಕಾಯಲು ರೇಡಾರಿನಲ್ಲಿ ಕಾರ್ಖಾನೆಯೇ ಇಟ್ಟಿರುವ ಐದು ಸೆಕೆಂಡಿನ ಅವಧಿ ಹಿರಿಯರಿರುವ ಮನೆಗೆ ತೀರ ಕಡಿಮೆ. ರಾಯಚೂರಿನ ಬೇಸಿಗೆಗೆ ಮಾತ್ರ ರೇಡಾರೊಂದನ್ನೇ ನೆಚ್ಚಬೇಕಾಗುತ್ತದೆ.

ಸ್ಮಾರ್ಟ್ ಹೋಮ್ ಎಂದರೆ ವಿದ್ಯುತ್ ಉಳಿತಾಯ ಎಂಬ ಪ್ರಚಾರಕ್ಕೆ ಇಲ್ಲೊಂದು ಸರಳ ಲೆಕ್ಕವನ್ನು ಎದುರಿಗಿಡಬಯಸುತ್ತೇನೆ. ರೇಡಾರು, ವೈಫೈ ಬೋರ್ಡು, ಚಾರ್ಜರಿನ ನಷ್ಟ ಎಲ್ಲ ಸೇರಿ ಈ ಸಾಧನ ಸುಮಾರು ಒಂದು ವ್ಯಾಟ್ ವಿದ್ಯುತ್ತನ್ನು ಹಗಲಿರುಳು ಬಳಸುತ್ತದೆ. ದಿನಕ್ಕೆ 24 ವ್ಯಾಟ್-ಗಂಟೆ, ವರ್ಷಕ್ಕೆ ಸುಮಾರು 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಇದು ದಿನಕ್ಕೆ 2 ಗಂಟೆ 40 ನಿಮಿಷ ಆರಿಸಿಟ್ಟರೆ ತಾನು ತಿಂದದ್ದಕ್ಕೆ ಸರಿಹೋಗುತ್ತದೆ ಅಷ್ಟೇ. ಒಂದು ಬಲ್ಬಿನ ಸಲುವಾಗಿ ಇದನ್ನು ಕಟ್ಟುವುದು ನಷ್ಟದ ವ್ಯಾಪಾರ. 75 ವ್ಯಾಟಿನ ಹಳೆಯ ಫ್ಯಾನನ್ನು ದಿನಕ್ಕೆ 20 ನಿಮಿಷ ಹೆಚ್ಚು ಆರಿಸಿದರೆ ಲೆಕ್ಕ ಸರಿದೂಗುತ್ತದೆ, ಎ.ಸಿ. ಇದ್ದ ಕೋಣೆಯಲ್ಲಾದರೆ ಲಾಭ ನಿಚ್ಚಳ. ಗೃಹಜ್ಯೋತಿಯ ಮನೆಗಳಲ್ಲಿ ಈ ಉಳಿತಾಯ ಬಿಲ್ಲಿನಲ್ಲಿ ಕಾಣುವುದೂ ಇಲ್ಲ. ಆದ್ದರಿಂದ ಉಳಿತಾಯದ ಮಾತನ್ನು ಬದಿಗಿಟ್ಟು, ಮನೆಯವರ ಸುರಕ್ಷತೆ ಮತ್ತು ಅನುಕೂಲಕ್ಕೆಂದು ಇದನ್ನು ನೋಡುವುದೇ ಪ್ರಾಮಾಣಿಕವಾದೀತು.

ಸಿದ್ಧವಾಗಿ ಸಿಗುವ ಸೆನ್ಸರನ್ನು ಕೊಳ್ಳಬಾರದೇ ಎಂದು ಕೇಳಬಹುದು. ಕೊಳ್ಳಬಹುದು. ಆದರೆ ಹಲವು ಸಾಧನಗಳು ಪಕ್ಕದ ಕೋಣೆಯ ದೀಪ ಹೊತ್ತಿಸುವುದಕ್ಕೂ ಹೊರದೇಶದ ಸರ್ವರನ್ನು ಕೇಳಿ ಬರುತ್ತವೆ. ಇಂಟರ್ನೆಟ್ ಕಡಿದ ದಿನ ಮನೆ ಮಂಕಾಗುತ್ತದೆ; ಕಂಪನಿ ಮುಚ್ಚಿದ ದಿನ ಸಾಧನ ಕಸವಾಗುತ್ತದೆ. ಇದು ಕಲ್ಪಿತ ಭಯವಲ್ಲ. ಅಮೆರಿಕದಲ್ಲಿ ರಿವಾಲ್ವ್ ಎಂಬ ಮನೆ ನಿಯಂತ್ರಣದ ಸಾಧನವನ್ನು, ಅದರ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಸ್ಥಗಿತಗೊಳಿಸಿದಾಗ ಹಣ ಕೊಟ್ಟು ಕೊಂಡವರ ಕೈಯಲ್ಲಿ ಖಾಲಿ ಡಬ್ಬಿ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುಹೋದವು. ಮುಂದೆ ಬಳಕೆದಾರರೇ ಕೆಲವರು ಸೇರಿ ಅದನ್ನು ಕೊಂಡು ಮತ್ತೆ ನಡೆಸಬೇಕಾಯಿತು. ಮನೆಯಲ್ಲಿ ಕಟ್ಟಿದ ಸೆನ್ಸರ್, ಹಳೆಯ ಲ್ಯಾಪ್‌ಟಾಪಿನಲ್ಲೋ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲೋ ನಡೆಯುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶಕ್ಕೆ ಮಾಹಿತಿ ಕೊಡುತ್ತದೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಈ ತಂತ್ರಾಂಶವನ್ನು ಜಗತ್ತಿನಾದ್ಯಂತ ಹವ್ಯಾಸಿಗಳು ಬೆಳೆಸಿದ್ದಾರೆ. ಅಮ್ಮ ಎಷ್ಟು ಗಂಟೆಗೆ ಎದ್ದರೆಂಬ ಸಂಗತಿ ಮನೆಯ ಹೊಸಿಲು ದಾಟುವುದಿಲ್ಲ, ನಾವೇ ದಾಟಿಸಿದರೆ ಹೊರತು.

ಹಾಗೆ ದಾಟಿಸುವಾಗಲೂ ವಿವೇಚನೆ ಬೇಕು. ಬಂಧುಗಳ ಮನೆಯಲ್ಲಿ ನಾವು ಇಟ್ಟ ಏರ್ಪಾಟು ಹೀಗಿದೆ: ಬೆಳಿಗ್ಗೆ ಎಂಟು ಗಂಟೆಯಾದರೂ ಅಡುಗೆಮನೆಯಲ್ಲಿ ಯಾರ ಸುಳಿವೂ ಇಲ್ಲದಿದ್ದರೆ, ಅಥವಾ ಬಚ್ಚಲಿನಲ್ಲಿ ಯಾರೋ ನಲವತ್ತು ನಿಮಿಷಕ್ಕೂ ಹೆಚ್ಚು ಇದ್ದರೆ, ಸಂದೇಶ ಮೊದಲು ಹೋಗುವುದು ಪಕ್ಕದ ಮನೆಯವರ ಫೋನಿಗೆ. ನ್ಯೂಜೆರ್ಸಿಯಲ್ಲಿರುವ ಮಗನಿಗೆ ಆಮೇಲೆ. ಬಾಗಿಲು ಬಡಿದು 'ದೊಡ್ಡಮ್ಮ, ಏಳಲಿಲ್ಲವೇ' ಎಂದು ಕೇಳಬಲ್ಲವರು ಪಕ್ಕದ ಮನೆಯವರೇ ತಾನೆ? ಮಗನಿಗೆ ಮೊದಲು ತಿಳಿಸಿದರೆ ಅವನು ಫೋನು ಮಾಡುವುದು ಮತ್ತೆ ಅವರಿಗೇ.

ಸಾಧನ ಮೌನವಾಗಿದೆ ಎಂಬುದಕ್ಕೂ ಕೋಣೆ ಖಾಲಿಯಿದೆ ಎಂಬುದಕ್ಕೂ ಇರುವ ಅಂತರವನ್ನು ವ್ಯವಸ್ಥೆ ಬಲ್ಲದಾಗಿರಬೇಕು. ಕರೆಂಟು ಹೋಗಿ ವೈಫೈ ರೂಟರು ಸತ್ತಾಗ ಸೆನ್ಸರಿನಿಂದ ಯಾವ ಸುದ್ದಿಯೂ ಬರುವುದಿಲ್ಲ. ಅದನ್ನು 'ಅಮ್ಮ ಅಡುಗೆಮನೆಗೆ ಬಂದಿಲ್ಲ' ಎಂದು ಓದಿಕೊಂಡು ಊರೆಲ್ಲ ಎಬ್ಬಿಸುವಂತೆ ಪ್ರೋಗ್ರಾಂ ಬರೆದವರಿದ್ದಾರೆ. ಹೋಮ್ ಅಸಿಸ್ಟೆಂಟ್ ಈ ಸ್ಥಿತಿಯನ್ನು 'ಲಭ್ಯವಿಲ್ಲ' ಎಂದು ಬೇರೆಯಾಗಿಯೇ ತೋರಿಸುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ದಿನಗಟ್ಟಲೆ ಬಾರದಿರುವುದೂ ಉಂಟಾದ್ದರಿಂದ ರೂಟರು, ಸೆನ್ಸರು, ಲ್ಯಾಪ್‌ಟಾಪು ಮೂರನ್ನೂ ಮನೆಯ ಯುಪಿಎಸ್ ಸಾಲಿಗೆ ಸೇರಿಸುವುದು ಅವಶ್ಯ. ಕೋಣೆಯಲ್ಲಿ ಇದ್ದವರು ಯಾರು ಎಂದು ಈ ಸಾಧನ ಹೇಳಲಾರದು. ಒಬ್ಬರೋ ಇಬ್ಬರೋ ಎಂದೂ ಹೇಳಲಾರದು. ಮಂಚದ ಮೇಲೆ ಮಲಗಿದ ನಾಯಿಯನ್ನೂ ಮನುಷ್ಯರ ಲೆಕ್ಕಕ್ಕೆ ಸೇರಿಸಬಹುದು. ದಪ್ಪ ಕಂಬಳಿ ಹೊದ್ದು ಗಾಢ ನಿದ್ರೆಯಲ್ಲಿರುವವರು ಕೆಲವೊಮ್ಮೆ ತಪ್ಪಿಹೋಗುವುದೂ ಇದೆ. ಆಸ್ಪತ್ರೆಯ ಉಪಕರಣದ ಸ್ಥಾನವನ್ನು ಇದಕ್ಕೆ ಕೊಡಲಾಗದು, ಹೃದ್ರೋಗಿಗಳಿರುವ ಮನೆಯವರು ಇದನ್ನು ನಂಬಿ ಮನುಷ್ಯರ ನಿಗಾವನ್ನು ಕಡಿಮೆ ಮಾಡಕೂಡದು.

ಭದ್ರತೆಯ ಬಗ್ಗೆ ಒಂದು ಮಾತು. ಎಲ್‌ಡಿ2410ರ 'ಬಿ', 'ಸಿ' ಮಾದರಿಗಳಲ್ಲಿ ಬ್ಲೂಟೂತ್ ಇದ್ದು, ಕಾರ್ಖಾನೆ ಇಟ್ಟ ಪಾಸ್‌ವರ್ಡ್ ಎಲ್ಲ ಮಾಡ್ಯೂಲುಗಳಿಗೂ ಒಂದೇ. ಅದು ಬಹಿರಂಗವಾಗಿಯೂ ಇದೆ. ಗೋಡೆಯಾಚೆ ನಿಂತವರು ಫೋನಿನ ಆ್ಯಪ್ ತೆರೆದು ನಮ್ಮ ಮನೆಯ ಸೆನ್ಸರಿನೊಳಗೆ ಇಣುಕಬಹುದು, ಕೋಣೆಯಲ್ಲಿ ಜನರಿದ್ದಾರೆಯೇ ಎಂದು ನೋಡಬಹುದು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಸೇವೆ ಯಾವುದು? ಹೊಂದಿಸುವ ಕೆಲಸ ಮುಗಿದೊಡನೆ ಪಾಸ್‌ವರ್ಡ್ ಬದಲಿಸಬೇಕು, ಇಲ್ಲವೇ ಬ್ಲೂಟೂತನ್ನು ಆರಿಸಿಬಿಡಬೇಕು.

ಕ್ಯಾಮೆರಾ ಇಲ್ಲವೆಂದ ಮಾತ್ರಕ್ಕೆ ಖಾಸಗಿತನದ ಪ್ರಶ್ನೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಅಂದರೆ ಮಗ ತಂದೆಯ ಕೋಣೆಯಲ್ಲಿ ಇಟ್ಟ ಸೆನ್ಸರಿನ ವಿಷಯದಲ್ಲಿ ಆ ಕಾಯ್ದೆ ಕೇಳಲು ಬರುವುದಿಲ್ಲ. ಮರ್ಯಾದೆ ಪಾಲಿಸಬೇಕಾದವರು ಮನೆಯವರೇ. ಹಿರಿಯರಿಗೆ ಹೇಳದೆ ಇದನ್ನು ಕೂರಿಸಬಾರದು. ಅದನ್ನು ಆರಿಸುವ ಸ್ವಿಚ್ಚು ಅವರ ಕೈಗೆಟುಕುವಂತಿರಬೇಕು, ಆರಿಸಿದ್ದಕ್ಕೆ ಅವರು ಯಾರಿಗೂ ಕಾರಣ ಕೊಡಬೇಕಾಗಿ ಬರಬಾರದು. ಮನೆಗೆಲಸದವರು ಎಷ್ಟು ಹೊತ್ತು ಯಾವ ಕೋಣೆಯಲ್ಲಿದ್ದರೆಂದು ಲೆಕ್ಕ ಇಡುವುದಕ್ಕೂ, ಪಿ.ಜಿ. ಕೋಣೆಯ ಪ್ಲೈವುಡ್ ಕಪಾಟಿನ ಹಿಂದೆ ಕಾಣದಂತೆ ಇಡುವುದಕ್ಕೂ ಇದೇ ಸಾಧನ ಬಳಕೆಯಾಗಬಲ್ಲದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಬಾಡಿಗೆದಾರರ ಕೋಣೆಯಲ್ಲಿ ಅವರ ಒಪ್ಪಿಗೆಯಿಲ್ಲದೆ ಇಂಥದ್ದನ್ನು ಇಡುವ ಮಾಲೀಕ, ಅದರಲ್ಲಿ ಚಿತ್ರ ಇಲ್ಲ ಎಂಬ ಸಮಜಾಯಿಷಿ ಕೊಟ್ಟು ಪಾರಾಗಲು ಬಿಡಬಾರದು.

ವಿದ್ಯಾರ್ಥಿಗಳಿಗೂ ಉತ್ಸಾಹಿಗಳಿಗೂ ಹೇಳಬೇಕಾದ ಎಚ್ಚರಿಕೆಯೊಂದಿದೆ. ಐದು ವೋಲ್ಟಿನ ಕಡೆ ಏನು ಬೇಕಾದರೂ ಪ್ರಯೋಗ ಮಾಡಲಿ, 230 ವೋಲ್ಟಿನ ಕಡೆಗೆ ಕೈ ಹಾಕುವುದು ಬೇಡ. ಸೆನ್ಸರಿಗೆ ಬಿಐಎಸ್ ಗುರುತಿರುವ ಮುಚ್ಚಿದ ಚಾರ್ಜರನ್ನೇ ಬಳಸಬೇಕು. ಫ್ಯಾನು, ಗೀಸರುಗಳನ್ನು ಸೆನ್ಸರಿನ ಸಂಕೇತದಂತೆ ಹಾಕಿ ಆರಿಸುವ ರಿಲೇಯನ್ನು ಸ್ವಿಚ್ ಬೋರ್ಡಿನೊಳಗೆ ಕೂರಿಸುವ ಕೆಲಸವನ್ನು ಪರವಾನಗಿ ಇರುವ ವೈರ್‌ಮನ್‌ಗೆ ಬಿಡಬೇಕು. ಆ ಸಾಲಿಗೆ, ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ದೀಪದ ಗೋಡೆ ಸ್ವಿಚ್ಚು ಸೆನ್ಸರಿನ ಹಂಗಿಲ್ಲದೆ ಎಂದಿನಂತೆ ಕೆಲಸ ಮಾಡುವ ಹಾಗೆ ತಂತಿ ಎಳೆಸುವುದೂ ಅಷ್ಟೇ ಮುಖ್ಯ.

ಕೊನೆಯದಾಗಿ ಎರಡು ಕೋರಿಕೆಗಳು. ನೀತಿ ಆಯೋಗದ ಅಟಲ್ ಇನೊವೇಷನ್ ಮಿಷನ್ 2016ರಿಂದ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟು, ಮಕ್ಕಳು ಕೈಯಾರೆ ಸಾಧನ ಕಟ್ಟಿ ಕಲಿಯುವ ಟಿಂಕರಿಂಗ್ ಲ್ಯಾಬುಗಳನ್ನು ತೆರೆಸಿದೆ. ನಾನು ನೋಡಿದ ಕೆಲವು ಲ್ಯಾಬುಗಳಲ್ಲಿ ಸೆನ್ಸರುಗಳು ಪ್ರದರ್ಶನದ ದಿನ ಹೊರಬಂದು ಮತ್ತೆ ಪೆಟ್ಟಿಗೆ ಸೇರುತ್ತವೆ. ಮಗುವೊಂದು ತನ್ನ ಅಜ್ಜಿಯ ಕೋಣೆಗೆ ಇರುವಿಕೆಯ ಸೆನ್ಸರ್ ಕಟ್ಟಿ, ಫ್ಯಾನಿನ ಕಾಟವನ್ನು ತಾನೇ ಕಂಡುಹಿಡಿದು, ಪಟ್ಟಿಪಟ್ಟಿಯ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಅದರಲ್ಲಿ ತರಂಗ, ಉಷ್ಣ, ಸಂಖ್ಯಾಶಾಸ್ತ್ರ ಮೂರೂ ಬಂದುಹೋಗುತ್ತವೆ. ಐಟಿಐ, ಡಿಪ್ಲೊಮಾಗಳ ಪಠ್ಯ ರೂಪಿಸುವವರು ಇದನ್ನು ಒಂದು ಪ್ರಾಯೋಗಿಕ ಅಭ್ಯಾಸವಾಗಿ ಸೇರಿಸುವ ಬಗ್ಗೆ ಯೋಚಿಸಲಿ. ತಮ್ಮ ಪತ್ರಿಕೆಯೂ ಮನೆ ಪುರವಣಿಯಲ್ಲಿ ಚಿತ್ರಸಹಿತ ಸರಣಿಯೊಂದನ್ನು ಕೊಟ್ಟರೆ ಕನ್ನಡದಲ್ಲಿ ಕಲಿಯುವವರಿಗೆ ದೊಡ್ಡ ಆಸರೆಯಾಗುತ್ತದೆ, ಏಕೆಂದರೆ ಈ ವಿಷಯದ ಬರಹಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ.

ಎರಡನೆಯದು ಹೊಸದಾಗಿ ಮನೆ ಕಟ್ಟಿಸುತ್ತಿರುವವರಿಗೆ. ಮೋಲ್ಡ್ ಹಾಕುವ ಮುನ್ನ ಕಂಬಿ ಕಟ್ಟಿದ ದಿನ ಎಲೆಕ್ಟ್ರಿಷಿಯನ್ ಪೈಪು ಹಾಸಲು ಬರುತ್ತಾನಲ್ಲ, ಆಗ ಪ್ರತಿ ಕೋಣೆಯ ಸೂರಿನಲ್ಲೂ ಫ್ಯಾನಿನ ಕೊಕ್ಕೆಯಿಂದ ಐದಡಿ ಆಚೆಗೆ ಒಂದು ಸಣ್ಣ ಡಬ್ಬಿಯನ್ನೂ ಅಲ್ಲಿಂದ ಸ್ವಿಚ್ ಬೋರ್ಡಿನವರೆಗೆ ಒಂದು ಖಾಲಿ ಪೈಪನ್ನೂ ಬಿಡಲು ಹೇಳಬೇಕು. ಸ್ವಿಚ್ಚುಗಳಷ್ಟೇ ಇರುವ ಬೋರ್ಡುಗಳಿಗೂ ನ್ಯೂಟ್ರಲ್ ತಂತಿ ಎಳೆಸಬೇಕು. ಅಂದು ಇದಕ್ಕೆ ತಗಲುವುದು ಕೆಲವು ಮೀಟರ್ ಪೈಪಿನ ಬೆಲೆ ಮಾತ್ರ. ಮೋಲ್ಡ್ ಬಿದ್ದ ಮೇಲೆ ಅದೇ ಕೆಲಸಕ್ಕೆ ಸೂರನ್ನು ಕೊರೆಯಬೇಕಾಗುತ್ತದೆ, ಇಲ್ಲವೇ ಬಿಳಿ ಕೇಸಿಂಗ್ ಪಟ್ಟಿಯನ್ನು ಗೋಡೆಯುದ್ದಕ್ಕೂ ಹೊಡೆಸಬೇಕಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಅಧ್ಯಾಪಕ, ಶಿವಮೊಗ್ಗ